ಜಗಲಿಯಿಂದ ತರಗತಿಗೆ ಬಂದ ನುಡಿ

ಜಲನಗರವಿರಲಿ, ತಿಕೋಟಾ, ಬಬಲೇಶ್ವರವಿರಲಿ, ನಮ್ಮ ಮಕ್ಕಳು ಇಂದು ಶಾಲೆಯ ಪಠ್ಯಪುಸ್ತಕದಲ್ಲಿ ವಚನಗಳನ್ನು ಓದುತ್ತಾರೆ. ಈ ಭಾಗ್ಯವನ್ನು ನಮಗೆ ಒದಗಿಸಿದವರಲ್ಲಿ ಅಗ್ರಗಣ್ಯರು ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಶಿಕ್ಷಕರೊಬ್ಬರ ಮಗನಾಗಿ ಜನಿಸಿದ ಅವರು, ಮುಂಬಯಿಯಲ್ಲಿ ಯೇಸುಸಭೆಯ ಗುರುಗಳು ನಡೆಸುವ ಸಂತ ಜೇವಿಯರ್ ಕಾಲೇಜಿನಲ್ಲಿ ಕಲಿತು, ಬಳಿಕ ಕಾನೂನು ಓದಿ ಈ ಊರಿಗೆ ಬಂದರು. 1910ರಲ್ಲಿ ಇಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ ಹುಟ್ಟಲು ಕಾರಣರಾದವರೂ ಅವರೇ.

ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಚೌಡಯ್ಯನಿದ್ದ, ಹಗ್ಗ ಹೊಸೆಯುವ ಚಂದಯ್ಯನಿದ್ದ, ಅಕ್ಕಿ ಆಯುವ ಕಾಯಕದ ಲಕ್ಕಮ್ಮನಿದ್ದಳು. ಪಂಡಿತರ ಛಂದಸ್ಸಿಗೆ ಕಾಯದೆ, ಇವರೆಲ್ಲ ಆಡುವ ಮಾತಿನಲ್ಲೇ ದೇವರ ಕುರಿತು ನುಡಿದರು. ಆದರೆ ಕಾಲಾಂತರದಲ್ಲಿ ಆ ನುಡಿಗಳ ಓಲೆಗರಿಗಳನ್ನು ಅನೇಕ ಮನೆತನಗಳು ದೇವರ ಜಗಲಿಯ ಮೇಲಿಟ್ಟು ಪೂಜಿಸತೊಡಗಿದವು. ಕಟ್ಟು ಬಿಚ್ಚಿ ಓದುವವರು ವಿರಳರಾದರು.

ಹಳಕಟ್ಟಿಯವರು ಊರೂರು ಅಲೆದು, ಮನೆಯವರ ಮನವೊಲಿಸಿ, ಆ ಓಲೆಗಳನ್ನು ಸಂಗ್ರಹಿಸಿ ಸಂಪಾದಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. ಓಲೆಯ ಕಟ್ಟು ಒಂದು ಮನೆಯ ಸೊತ್ತು. ಅಚ್ಚಾದ ಪುಸ್ತಕ ನೂರಾರು ಮನೆಗಳ ಸೊತ್ತು. ಇದನ್ನರಿತ ಅವರು ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಡಿಸಿದರು. ಅದೇ 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು. ಬಡತನ ಮಾತ್ರ ಬಿಡಲಿಲ್ಲ. 1964ರ ಜೂನ್ 29ರಂದು, ಸಂತ ಪೇತ್ರ ಪೌಲರ ಹಬ್ಬದ ದಿನ, ಅವರು ದೈವಾಧೀನರಾದರು.

ಅದಕ್ಕೆ ಆರು ತಿಂಗಳ ಹಿಂದಷ್ಟೇ, 1963ರ ಡಿಸೆಂಬರಿನಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದಿತ್ತು. ದೇವರ ಮಾತು ಬಡವನಿಗೂ ಅವನ ಮನೆಮಾತಿನಲ್ಲೇ ದೊರೆಯಬೇಕೆಂಬ ಹಂಬಲ ಶ್ರೀಸಭೆಯದೂ ಹೌದು.

ಪ್ರಿಯ ಕ್ರೈಸ್ತ ಕುಟುಂಬಗಳೇ, ತಲೆಂತನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿ ನಮಗೆ ಗೊತ್ತು. ಅವನು ಅದನ್ನು ಕಳೆಯಲಿಲ್ಲ, ಕದಿಯಲಿಲ್ಲ, ಜೋಪಾನವಾಗಿಯೇ ಇಟ್ಟ. ತಪ್ಪಿದ್ದು ಅಲ್ಲಿಯೇ. ಮೇಣದಬತ್ತಿ ಹಚ್ಚಿ, ಹೂವಿಟ್ಟು, ತೆರೆಯದೆ ಇಟ್ಟ ಪವಿತ್ರ ಗ್ರಂಥ ನಮ್ಮ ಮನೆಯಲ್ಲಿಯೂ ಇರಬಹುದು. ಇಂದು ಸಂಜೆ ಜಪಸರದ ನಂತರ ಅದನ್ನು ಮನೆಯ ಕಿರಿಯ ಮಗುವಿನ ಕೈಗೆ ಕೊಡಿ. ತಡವರಿಸಿದರೂ ಅದೇ ಓದಲಿ. ಧರ್ಮೋಪದೇಶದ ತರಗತಿಯಲ್ಲಿ ಪ್ರತಿ ಮಗುವೂ ತನ್ನ ಮನೆಮಾತಿನಲ್ಲಿ ನಾಲ್ಕು ಸಾಲಿನ ಪ್ರಾರ್ಥನೆ ಬರೆಯಲಿ. ಆ ಭಾಷೆ ಹಳ್ಳಿಯದೆಂದು ಯಾರೂ ನಗದಿರಲಿ. ಚೌಡಯ್ಯ, ಲಕ್ಕಮ್ಮರ ಭಾಷೆಯೂ ದುಡಿಯುವವರ ಭಾಷೆಯೇ ಆಗಿತ್ತು.