ಪಂಡಿತಾ ರಮಾಬಾಯಿಯವರ ಜೀವಿತ

ಬೆಂಗಳೂರಿನ ಅಂಚಿನ ಪೀಣ್ಯದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿದವರು ಅನೇಕರಿದ್ದಾರೆ. ಪ್ರಾಯವು ಮೀರಿತು, ಇನ್ನು ಇವರಿಗೆ ಪಾಠವೇತಕ್ಕೆಂದು ಹೆತ್ತವರು ಹೇಳುವದುಂಟು. ಅಂಥ ಮನೆಗಳವರಿಗಾಗಿ ನಾವು ಇದನ್ನು ಬರೆಯುತ್ತೇವೆ. ಯಾಕಂದರೆ ಪಂಡಿತಾ ರಮಾಬಾಯಿಯವರು ಬಾಲ್ಯದಲ್ಲಿ ಯಾವ ಶಾಲೆಯಲ್ಲಿಯೂ ಕೂತವರಲ್ಲ.

ಅವರು 1858ನೆಯ ಇಸವಿಯಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿಗಳು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದರಿಂದ ಸ್ವಜನರ ವಿರೋಧಕ್ಕೆ ಗುರಿಯಾಗಿ, ಆ ಕಾಡಿನಲ್ಲಿ ಮನೆಮಾಡಿದ್ದರು. ಮಗಳು ಹಸುಗೂಸಾಗಿರುವಾಗಲೇ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಹಗಲೆಲ್ಲಾ ನಡಿಗೆ, ಅಡಿಗೆ. ತಾಯಿಗೆ ಬಿಡುವಿದ್ದದ್ದು ನಸುಕಿನಲ್ಲಿಯೇ. ಆದದರಿಂದ ಆಕೆಯು ಬೆಳಗಾಗುವದಕ್ಕೆ ಮುಂಚೆ ಮಗುವನ್ನು ಎಬ್ಬಿಸಿ, ಮಡಿಲಲ್ಲಿಟ್ಟುಕೊಂಡು ಶ್ಲೋಕಗಳನ್ನು ಹೇಳಿಕೊಡುವರು. ಕಟ್ಟಡವಿಲ್ಲ, ಗಂಟೆಯಿಲ್ಲ, ಹಲಗೆಯೂ ಇಲ್ಲ. ಆದರೂ ಆ ಪಾಠವು ಎಷ್ಟು ಗಟ್ಟಿಯಾಗಿತ್ತೆಂದರೆ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇಪ್ಪತ್ತು ವರುಷದ ಈ ಅನಾಥೆಗೆ ಪಂಡಿತೆಯೆಂಬ ಬಿರುದನ್ನು ಕೊಟ್ಟರು. ಅಷ್ಟರಲ್ಲಿ ತಂದೆತಾಯಿಗಳು ಕ್ಷಾಮದ ಕಾಲದಲ್ಲಿ ತೀರಿಹೋಗಿದ್ದರು.

1880ರಲ್ಲಿ ಮದುವೆಯಾದರು, 1882ರಲ್ಲಿ ಗಂಡನು ಸತ್ತು, ಒಬ್ಬ ಮಗಳೊಡನೆ ವಿಧವೆಯಾದರು. ಅದೇ ವರುಷ ಸರಕಾರದ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷಿ ನುಡಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

1896-97ರ ಘೋರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ಸುಮಾರು 300 ಮಂದಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಅವರಿಗಾಗಿ ಮುಕ್ತಿ ಸದನವು ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1500 ಮಂದಿ ಇದ್ದರು. ಬರೀ ಅನ್ನ ಬಡಿಸಿದ್ದರೂ ಲೋಕವು ಹೊಗಳುತ್ತಿತ್ತು. ಅವರಾದರೋ ಅಕ್ಷರವನ್ನೂ ಕೈಕೆಲಸವನ್ನೂ ಜೊತೆಜೊತೆಯಾಗಿ ಕಲಿಸಿದರು: ಓದುಬರಹ, ನೇಯ್ಗೆ, ಹೊಲಿಗೆ, ತೋಟಗಾರಿಕೆ, ಹೈನು, ಅಚ್ಚಿನ ಕೆಲಸ. ಕುರುಡಿಯರು ಬ್ರೈಲ್ ಅಕ್ಷರಗಳನ್ನು ಬೆರಳಿನಿಂದ ಓದಲು ಕಲಿತರು. ದುಡಿಯಲೇಬೇಕಾದ ಹೆಣ್ಣಿಗೆ ಪಾಠವು ದುಡಿಮೆಯ ಬಳಿಗೇ ಬರಬೇಕಷ್ಟೆ. ಇದು ಅವರಿಗೆ ಗೊತ್ತಿದ್ದದ್ದು ಆ ನಸುಕಿನ ಪಾಠಗಳಿಂದಲೇ ಎಂದು ನಮಗೆ ತೋರುತ್ತದೆ. ನಮ್ಮ ಗುಲ್ಬರ್ಗದಲ್ಲಿಯೂ, ಅಂದರೆ ಈಗಿನ ಕಲಬುರಗಿಯಲ್ಲಿ, ಅವರ ಕಡೆಯಿಂದ ಹೆಣ್ಣುಮಕ್ಕಳಿಗೆ ಶಾಲೆಯಾಯಿತು.

ಕಡೆಯ ವರುಷಗಳಲ್ಲಿ ಅವರು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸಿದರು. 1922ನೆಯ ಏಪ್ರಿಲ್ 5ರಂದು ತೀರಿಕೊಂಡರು. ಆ ಗ್ರಂಥವು ಮುಕ್ತಿಯ ಮುದ್ರಣಾಲಯದಲ್ಲಿ, ಅಲ್ಲಿಯೇ ಓದು ಕಲಿತ ಹೆಂಗಸರ ಕೈಯಿಂದ ಅಚ್ಚಾಯಿತು.