ಜೋಳಿಗೆಯೇ ಭಂಡಾರ

ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರು 1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯ ಬಡ ಜಂಗಮ ಮನೆತನದಲ್ಲಿ ಜನಿಸಿದರು. ಹಾಲಯ್ಯನೆಂಬುದು ಬಾಲ್ಯದ ನಾಮ. 1876ರ ಮಹಾಕ್ಷಾಮವು ನಾಡನ್ನು ಕಾಡಿದಾಗ ಬಾಲಕನಿಗೆ ಒಂಬತ್ತು ವರ್ಷ. ಓದಲೆಂದು ಕಜ್ಜರಿಗೆ ಹೋದ ಹಾಲಯ್ಯನಿಗೆ ಕಂತೀಭಿಕ್ಷೆಯೊಂದೇ ಆಧಾರ. ನಾಳಿನ ರೊಟ್ಟಿ ಯಾವ ಮನೆಯದೆಂದು ಅರಿಯದ ಬಾಳು. ಇಂಥ ಹಸಿವು ಕೂಡಿಡುವ ಆಸೆಯನ್ನು ಬೆಳೆಸುವುದೇ ಹೆಚ್ಚು, ಇವರಲ್ಲಿ ಹಾಗಾಗಲಿಲ್ಲ.

ಹೆಚ್ಚಾಗಿ ತಂದ ಅಕ್ಕಿಯನ್ನು ಮಾರಯ್ಯನಿಂದ ಮರಳಿ ಸುರಿಸಿದ ಐದಕ್ಕಿ ಲಕ್ಕಮ್ಮನ ದಾರಿಯೇ ಇವರದೂ. ಹಾನಗಲ್ಲ ವಿರಕ್ತಮಠದ ಅಧಿಕಾರ ಬಂದ ಬಳಿಕವೂ ಜೋಳಿಗೆಯನ್ನು ಬಿಡಲಿಲ್ಲ. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ, ವಟುಗಳ ಅನ್ನ-ಅರಿವೆಗಳಿಗಾಗಿ ಊರೂರು ತಿರುಗಿದರು. ಶಿವನು ಕೊಡುವನೆಂದು ಕೈಕಟ್ಟಿ ಕುಳಿತವರಲ್ಲ. ಮಂದಿರದಲ್ಲಿ ಗೋಶಾಲೆಯನ್ನು ಕಟ್ಟಿ, ಗೋಮಯದಿಂದ ಶುದ್ಧ ವಿಭೂತಿಯನ್ನು ಮಾಡಿಸಿದರು.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನನ್ನು ಕರೆತಂದು ಸಂಗೀತಕ್ಕೆ ಹಚ್ಚಿದವರೂ ಇವರೇ. ಆತನೇ ಪಂಚಾಕ್ಷರ ಗವಾಯಿಗಳು. 1930ರಲ್ಲಿ ಸ್ವಾಮಿಗಳವರು ಲಿಂಗೈಕ್ಯರಾದ ಮೇಲೆಯೂ ಆ ಶಿಷ್ಯರು ಅಂಧ ಮಕ್ಕಳನ್ನು ಸಾಕಲು ಗುರುಗಳ ಜೋಳಿಗೆಯನ್ನೇ ನಂಬಿ ನಡೆದರು.