ಸಮಿತಿಯೆಲ್ಲ ಒಪ್ಪಿದಾಗ ಒಬ್ಬರೇ ಬೇಡವೆಂದರು: ಕಾಶಿಯಲ್ಲಿ ಓದಿದ ಕಾಸರಗೋಡಿನ ಬಿ.ಆರ್. ಶೆಣೈ ಕಥೆ

ವಾರಾಣಸಿ: ಬನಾರಸ್ ಹಿಂದೂ ವಿಶ್ವವಿದ್ಯಾಲಯ (ಬಿಎಚ್‌ಯು) ಎಂದಕೂಡಲೇ ನೆನಪಾಗುವ ಹೆಸರು ಮದನ ಮೋಹನ ಮಾಳವೀಯರದು. ಇಲ್ಲೇ ಓದಿ, ಮುಂದೆ ದೇಶದ ಪಂಚವಾರ್ಷಿಕ ಯೋಜನೆಯ ಲೆಕ್ಕವನ್ನೇ ಪ್ರಶ್ನಿಸಿದ ಕರಾವಳಿಯ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಅವರನ್ನು ಬಲ್ಲವರು ಕಡಿಮೆ.

ಬೆಳ್ಳಿಕೋತ್ ರಘುನಾಥ ಶೆಣೈ 1905ರಲ್ಲಿ ಬೆಳ್ಳಿಕೋತ್‌ನಲ್ಲಿ ಜನಿಸಿದರು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಈ ಊರು ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. 1929ರಲ್ಲಿ ಬಿಎಚ್‌ಯುನಲ್ಲಿ ಎಂ.ಎ. ಮುಗಿಸಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿ ಫ್ರೆಡ್ರಿಕ್ ಹಯೆಕ್ ಅವರ ಉಪನ್ಯಾಸಗಳು ಅವರ ಮೇಲೆ ಪ್ರಭಾವ ಬೀರಿದವು. ಹಣ ಮತ್ತು ಬೆಲೆಗಳ ಸಂಬಂಧವೇ ಅವರ ಅಧ್ಯಯನದ ವಿಷಯವಾಯಿತು. ಭಾರತಕ್ಕೆ ಮರಳಿ ರಿಸರ್ವ್ ಬ್ಯಾಂಕ್‌ನಲ್ಲಿ ದುಡಿದು, ನಂತರ ಅಹಮದಾಬಾದ್‌ನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1955ರ ಭಿನ್ನಮತ

ಎರಡನೇ ಪಂಚವಾರ್ಷಿಕ ಯೋಜನೆಯ ಚೌಕಟ್ಟು ಪರಿಶೀಲಿಸಲು ನೇಮಿಸಿದ್ದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಶೆಣೈ ಕೂಡ ಇದ್ದರು. ಬೃಹತ್ ಕೈಗಾರಿಕೆಗಳಿಗೆ ಒತ್ತು ನೀಡುವ ಈ ಚೌಕಟ್ಟನ್ನು ಉಳಿದವರೆಲ್ಲ ಒಪ್ಪಿದರು. ಶೆಣೈ ಒಬ್ಬರೇ ಲಿಖಿತ ಭಿನ್ನಮತ ಸಲ್ಲಿಸಿದರು.

ಅವರ ವಾದ ಸರಳವಾಗಿತ್ತು. ಜನರ ಉಳಿತಾಯ ಎಷ್ಟಿದೆಯೋ ಅಷ್ಟೇ ಯೋಜನೆ ಹಾಕಿಕೊಳ್ಳಬೇಕು. ಹೊಸ ಹಣ ಸೃಷ್ಟಿಸಿ ಕೊರತೆ ತುಂಬಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಕರಗುತ್ತದೆ. ಆದರೂ 4,800 ಕೋಟಿ ರೂ. ಸರ್ಕಾರಿ ವೆಚ್ಚದ ಆ ಯೋಜನೆಯಲ್ಲಿ 1,200 ಕೋಟಿ ರೂ. ಕೊರತೆ ಹಣಕಾಸಿನಿಂದಲೇ ಬರಬೇಕಿತ್ತು.

ಯೋಜನೆ ಶುರುವಾದ ಮರುವರ್ಷ, 1957ರಲ್ಲಿ, ವಿದೇಶಿ ವಿನಿಮಯ ಬಿಕ್ಕಟ್ಟು ಎದುರಾಯಿತು. 1958ರಲ್ಲಿ ಭಾರತಕ್ಕೆ ನೆರವಾಗಲು ವಿಶ್ವ ಬ್ಯಾಂಕ್ ಸಾಲ ನೀಡುವ ದೇಶಗಳನ್ನು ಒಂದುಗೂಡಿಸಬೇಕಾಯಿತು. ಇದಕ್ಕೆ ಕೊರತೆ ಹಣಕಾಸು ಒಂದೇ ಕಾರಣವಲ್ಲ. ಯಂತ್ರೋಪಕರಣಗಳ ಭಾರೀ ಆಮದೂ ಸೇರಿತ್ತು. ಆದರೆ ಶೆಣೈ ಎಚ್ಚರಿಸಿದ್ದ ಅಪಾಯ ಕಣ್ಣಮುಂದೆಯೇ ಇತ್ತು.

ಒಂಟಿ ದಾರಿ

ಆದರೂ ನೀತಿ ಬದಲಾಗಲಿಲ್ಲ. ಯೋಜನೆಯ ಕಾಲದಲ್ಲಿ ಮುಕ್ತ ಮಾರುಕಟ್ಟೆಯ ಪರ ಮಾತಾಡಿದ ಶೆಣೈ ಅಧಿಕಾರದ ವಲಯದಿಂದ ದೂರವೇ ಉಳಿದರು. ಆಮದು ಲೈಸೆನ್ಸ್ ಪಡೆದವರಿಗೆ ಸಿಗುವ ದಿಢೀರ್ ಲಾಭ, ರೂಪಾಯಿಯ ಕೃತಕ ಬೆಲೆ ಕುರಿತು ಪತ್ರಿಕೆಗಳಲ್ಲಿ ಬರೆಯುತ್ತಲೇ ಹೋದರು. 1966ರಲ್ಲಿ ಸರ್ಕಾರವೇ ರೂಪಾಯಿ ಅಪಮೌಲ್ಯ ಮಾಡಿತು. ಡಾಲರ್ ಬೆಲೆ 4.76 ರೂ.ಗಳಿಂದ 7.50 ರೂ.ಗೆ ಏರಿತು.

ಶೆಣೈ 1978ರಲ್ಲಿ ನಿಧನರಾದರು. ಕೈಗಾರಿಕಾ ಲೈಸೆನ್ಸ್ ವ್ಯವಸ್ಥೆಯನ್ನು ದೇಶ ಬಹುಪಾಲು ಕೈಬಿಟ್ಟಿದ್ದು 1991ರಲ್ಲಿ. ಆಗಲೂ ಎದುರಿಗಿದ್ದದ್ದು ವಿದೇಶಿ ವಿನಿಮಯದ ಬಿಕ್ಕಟ್ಟೇ. ಅದನ್ನು ನೋಡಲು ಅವರು ಇರಲಿಲ್ಲ.